ಏಂಜಲ್ ಆ್ಯಂಡ್ ದಿ ಬ್ಯಾಡ್‌ಮನ್: ಗುಂಡು ಹಾರಿಸಿದ್ದು ಮಾರ್ಷಲ್, ಪುಣ್ಯ ಮಾತ್ರ ಕ್ವರ್ಟ್‌ಗೆ?

ರೀಲುಡಬ್ಬಿ

ಈ ಚಿತ್ರದ ಬಗ್ಗೆ ಇಲ್ಲಿ ಯಾರೂ ಬರೆದ ಹಾಗಿಲ್ಲ, ಅದಕ್ಕೇ ಶುರು ಮಾಡುತ್ತಿದ್ದೇನೆ. 1947ರ ಕಪ್ಪು ಬಿಳುಪು ಚಿತ್ರ. ಜಾನ್ ವೇನ್ ನಾಯಕ. ನಿರ್ಮಾಪಕನಾಗಿ ಅವನಿಗೆ ಇದೇ ಮೊದಲ ಚಿತ್ರ. ಬರೆದು ನಿರ್ದೇಶಿಸಿದವನು ಜೇಮ್ಸ್ ಎಡ್ವರ್ಡ್ ಗ್ರಾಂಟ್. ಕೌಬಾಯ್ ಚಿತ್ರ ಅಂದ ತಕ್ಷಣ ನಿಮಗೆ ಕುದುರೆ, ಧೂಳು, ಢಂ ಢಂ ನೆನಪಾಗುತ್ತದೆ. ಇದರಲ್ಲಿ ಅದೆಲ್ಲ ಇದೆ, ಆದರೆ ಕಮ್ಮಿ. ಜಾಸ್ತಿ ಇರುವುದು ಅಡುಗೆಮನೆ, ಹೊಲ, ಊಟದ ಮೇಜು.

ಕ್ವರ್ಟ್ ಇವಾನ್ಸ್ ಅಂತ ಒಬ್ಬ ಬಂದೂಕುಗಾರ. ಗಾಯಗೊಂಡು ಕ್ವೇಕರ್ ಎಂಬ, ಹಿಂಸೆ ಒಲ್ಲದ ಕ್ರೈಸ್ತ ಪಂಥದ ವರ್ತ್ ಕುಟುಂಬದ ಹೊಲದಲ್ಲಿ ಬಂದು ಬೀಳುತ್ತಾನೆ. ಬಿದ್ದವನಿಗೆ ಡಾಕ್ಟರ್ ಬೇಡ, ಮೊದಲು ತಂತಿ ಕಳಿಸಬೇಕು ಅನ್ನುತ್ತಾನೆ. ಜಮೀನಿನ ಹಕ್ಕು ದಾಖಲಿಸುವ ತಂತಿ. ಅದನ್ನು ಕಳಿಸಿ, ಪಕ್ಕದಲ್ಲಿದ್ದ ಮನೆಮಗಳು ಪೆನೆಲಪಿಗೆ ಒಂದು ಮುತ್ತು ಕೊಟ್ಟು ಪ್ರಜ್ಞೆ ತಪ್ಪುತ್ತಾನೆ. 'ಇವನನ್ನು ಮನೆಯಿಂದ ಸಾಗಹಾಕಿ' ಎಂದು ಡಾಕ್ಟರ್ ಹೇಳಿದರೂ ಅವರು ಕೇಳುವುದಿಲ್ಲ. ಹುಡುಗಿ ಆರೈಕೆ ಮಾಡುತ್ತಾಳೆ, ಮನಸ್ಸು ಕೊಡುತ್ತಾಳೆ. ಇವನ ಮನಸ್ಸೂ ನಿಧಾನವಾಗಿ ಆ ಕಡೆ ವಾಲುತ್ತದೆ.

ಕೊನೆಯನ್ನೂ ಹೇಳಿಬಿಡುತ್ತೇನೆ. ಇಷ್ಟು ಹಳೆಯ ಚಿತ್ರದ ಗುಟ್ಟು ಕಾಪಾಡುವುದು ನನ್ನಿಂದಾಗದು. ಲಾರೆಡೋ ಮತ್ತು ಹೊಂಡೋ ಎಂಬ ವೈರಿಗಳು ಕ್ವರ್ಟ್ ಮತ್ತು ಪೆನೆಲಪಿಯ ಗಾಡಿಯನ್ನು ಅಟ್ಟಿಸಿಕೊಂಡು ಬರುತ್ತಾರೆ. ಗಾಡಿ ಬಂಡೆಯ ಮೇಲಿಂದ ಹೊಳೆಗೆ ಬೀಳುತ್ತದೆ. ಹುಡುಗಿಗೆ ಜ್ವರ ಏರಿ, ಬದುಕುವ ಭರವಸೆ ಇಲ್ಲ ಅನ್ನುತ್ತಾನೆ ಡಾಕ್ಟರ್. ಕ್ವರ್ಟ್ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಪೇಟೆಗೆ ಹೋಗುತ್ತಾನೆ. ಅಷ್ಟರಲ್ಲಿ ಜ್ವರ ಇಳಿದು, ಅವಳು ಮನೆಯವರ ಜೊತೆ ಗಾಡಿಯಲ್ಲಿ ಬಂದು ಮುಂದೆ ನಿಲ್ಲುತ್ತಾಳೆ. ಇವನು ಪಿಸ್ತೂಲನ್ನು ಅವಳ ಕೈಗೆ ಕೊಡುತ್ತಾನೆ. ಅದೇ ಹೊತ್ತಿಗೆ ವೈರಿಗಳು ಇವನ ಮೇಲೆ ಪಿಸ್ತೂಲು ಎತ್ತುತ್ತಾರೆ. ಚಿತ್ರದುದ್ದಕ್ಕೂ ಇವನ ಬೆನ್ನು ಬಿದ್ದಿದ್ದ ಮುದಿ ಮಾರ್ಷಲ್ ಮೆಕ್‌ಕ್ಲಿಂಟಾಕ್ ಇಬ್ಬರನ್ನೂ ಹೊಡೆದುರುಳಿಸುತ್ತಾನೆ.

ನನ್ನ ತಕರಾರು ಇದೇ. ಪೂರ್ತಿ ಚಿತ್ರ 'ಪಿಸ್ತೂಲು ಬಿಡು' ಎಂದು ಹೇಳುತ್ತಾ ಬರುತ್ತದೆ. ಬಿಟ್ಟ ಕೂಡಲೇ ಬೇರೆಯವನ ಕೈಯಿಂದ ಗುಂಡು ಹಾರಿಸಿ ಅಡ್ಡಿ ತೆಗೆಯುತ್ತದೆ. ಕ್ವರ್ಟ್ ಬದಲಾದ ಸರಿ. ಆ ಬದಲಾವಣೆಯ ಬೆಲೆ ಕೊಟ್ಟವರು ಯಾರು?

ಗಿರ್ಮಿಟ್

ಅಲ್ರೀ, ಮಾರ್ಷಲ್ ಸರ್ಕಾರಿ ಮನುಷ್ಯ. ಬರಿಗೈಯವನ ಮೇಲೆ ಇಬ್ಬರು ಪಿಸ್ತೂಲು ಎತ್ತಿದಾಗ ಸುಮ್ನೆ ನಿಂತು ನೋಡಬೇಕಿತ್ತಾ? ಅವನ ಕೆಲಸ ಅವನು ಮಾಡಿದ. ನೀವು ಕ್ವರ್ಟ್ ಸಾಯಬೇಕಿತ್ತು ಅನ್ನುತ್ತಿದ್ದೀರಾ?

ರೀಲುಡಬ್ಬಿ

ಸತ್ತಿದ್ದರೆ ಚಿತ್ರ ದೊಡ್ಡದಾಗುತ್ತಿತ್ತು. ಟಿಕೆಟ್ ಮಾತ್ರ ಹೋಗುತ್ತಿರಲಿಲ್ಲ.

ತುಂಗಾತೀರ

ರೀಲುಡಬ್ಬಿ ಸರ್, ನೀವು ಕೊನೆಯ ಐದು ನಿಮಿಷ ಹಿಡಿದುಕೊಂಡು ಕೂತಿದ್ದೀರಿ. ಈ ಪ್ರಶ್ನೆಯನ್ನು ಚಿತ್ರ ಅರ್ಧದಲ್ಲೇ ಎತ್ತಿದೆ.

ಆ ನೀರಿನ ಪ್ರಸಂಗ ನೆನಪಿದೆಯಾ? ಮೇಲಿನ ಜಮೀನಿನ ಕಾರ್ಸನ್ ಎಂಬ ಸಿಡುಕ ಹಳ್ಳಕ್ಕೆ ಒಡ್ಡು ಹಾಕಿ ನೀರು ತಡೆದಿದ್ದಾನೆ. ವರ್ತ್ ಮನೆಯವರ ಕಾಲುವೆ ಒಣಗಿದೆ. ಅವರು ಜಗಳಕ್ಕೆ ಹೋಗುವವರಲ್ಲ. ಕ್ವರ್ಟ್ ಹೋಗುತ್ತಾನೆ. ಇವನು ಯಾರು ಅಂತ ಗೊತ್ತಾಗುತ್ತಿದ್ದಂತೆ ಕಾರ್ಸನ್‌ನ ಗಂಟಲು ಒಣಗುತ್ತದೆ. ಒಂದು ಗುಂಡೂ ಹಾರುವುದಿಲ್ಲ, ನೀರು ಬರುತ್ತದೆ. ಇದಕ್ಕೆ ಮೆಚ್ಚಿ ಕ್ವೇಕರರು ಭಾನುವಾರದ ಸಭೆಯಲ್ಲಿ ಅವನಿಗೆ ಬೈಬಲ್ ಉಡುಗೊರೆ ಕೊಡುತ್ತಾರೆ. ಜಗಳ ಬಿಡಿಸಿದ ಪುಣ್ಯಾತ್ಮ ಅಂತ!

ಈ ದೃಶ್ಯದಲ್ಲಿ ನನಗೆ ನಗು ಬಂತು, ಆಮೇಲೆ ಕಸಿವಿಸಿಯೂ ಆಯಿತು. ನೀರು ಬಂದದ್ದು ಪ್ರೀತಿಯಿಂದಲ್ಲ. ಕ್ವರ್ಟ್ ಈ ಹಿಂದೆ ಕೊಂದವರ ಲೆಕ್ಕದಿಂದ. ಶಾಂತಿವಾದಿಗಳ ಹೊಲಕ್ಕೆ ಕೊಲೆಗಾರನ ಹೆಸರು ನೀರು ಹಾಯಿಸಿದೆ. ಕ್ವರ್ಟ್‌ಗೆ ಇದು ಗೊತ್ತು. ಅದಕ್ಕೇ ಬೈಬಲ್ ಕೈಗೆ ಬಂದ ಮೇಲೆ ಅವನು ಅಲ್ಲಿ ನಿಲ್ಲುವುದಿಲ್ಲ. ಗೆಳೆಯ ರ್‍ಯಾಂಡಿಯ ಜೊತೆ ಕುದುರೆ ಏರಿ ಓಡುತ್ತಾನೆ. ತನಗೆ ಸಲ್ಲದ್ದು ಸಂದಿದೆ ಎಂಬ ಮುಜುಗರ ಅದು.

ಅಜ್ಜಿಮನೆ

ತುಂಗಾತೀರ ಅವರೇ, ನೀರಿನ ಕಥೆ ಅರ್ಧಕ್ಕೆ ನಿಲ್ಲಿಸಿದಿರಿ. ಕಾರ್ಸನ್ ಆಮೇಲೆ ವರ್ತ್ ಮನೆಗೆ ಬರುತ್ತಾನಲ್ಲ, ಅಲ್ಲಿ ಅವನಿಗೆ ಊಟ, ಉಪಚಾರ ಎಲ್ಲ ಆಗುತ್ತದೆ. ಯಾರೂ ಹಳೆಯದನ್ನು ಕೆದಕುವುದಿಲ್ಲ. ಭಯ ಅವನನ್ನು ಬಾಗಿಲವರೆಗೆ ತಂದಿತು, ಅಷ್ಟೇ. ಒಳಗೆ ಕೂರಿಸಿಕೊಂಡದ್ದು ಆ ಮನೆಯ ಹೆಂಗಸು. ಭಯ ಒಂದೇ ಇದ್ದಿದ್ದರೆ ಕ್ವರ್ಟ್ ಊರು ಬಿಟ್ಟ ಮಾರನೇ ದಿನವೇ ಒಡ್ಡು ಮತ್ತೆ ಎದ್ದಿರುತ್ತಿತ್ತು.

ಇನ್ನೊಂದು. ಎಲ್ಲರೂ ಪಿಸ್ತೂಲಿನ ಬಗ್ಗೆಯೇ ಬರೆಯುತ್ತಿದ್ದೀರಿ. ಇದು ಪ್ರೇಮಕಥೆ ರೀ! ಪೆನೆಲಪಿಯ ಬಗ್ಗೆ ಒಬ್ಬರೂ ಮಾತಾಡಿಲ್ಲ. 1947ರ ನಾಯಕಿ, ಅದೂ ಧಾರ್ಮಿಕ ಮನೆತನದ ಹುಡುಗಿ. ತನಗೆ ಇವನು ಬೇಕು ಎಂದು ನೇರವಾಗಿ ಹೇಳುತ್ತಾಳೆ. ನಾಚಿಕೆ ಇಲ್ಲ, ಒನಪು ಇಲ್ಲ. ಅವನು ಜ್ವರದ ಕನವರಿಕೆಯಲ್ಲಿ ಹಳೆಯ ಹುಡುಗಿಯರ ಕಥೆಯನ್ನೆಲ್ಲ ಬಾಯಿಬಿಟ್ಟರೂ ಅವಳು ಪಕ್ಕದಲ್ಲೇ ಕೂತು ಕೇಳುತ್ತಾಳೆ. ಅವನು ಓಡಿಹೋಗಲು ಹೊರಟರೆ 'ನಾನೂ ಬರುತ್ತೇನೆ' ಅನ್ನುತ್ತಾಳೆ. ಹೆದರುವವನು ಅವನು! ಮದುವೆ ಅನ್ನುವ ಮಾತು ಅವನಿಗೆ ಲಾರೆಡೋನ ಪಿಸ್ತೂಲಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಕೊನೆಗೂ ಧೈರ್ಯ ಮಾಡಿ ಮದುವೆಯಾಗು ಎಂದು ಕೇಳಿದರೆ, ಇವಳು ಹೂಂ ಅನ್ನದೆ 'ಬಾ, ಬ್ಲ್ಯಾಕ್‌ಬೆರಿ ಕಿತ್ತು ತರೋಣ' ಅನ್ನುತ್ತಾಳೆ. ನನಗೆ ಇಡೀ ಚಿತ್ರದಲ್ಲಿ ಇಷ್ಟವಾದದ್ದು ಆ ಉತ್ತರ.

ಡಾಕ್ಟರಮ್ಮ

ಅಜ್ಜಿಮನೆ ಅಕ್ಕ, ಆ ಹಣ್ಣು ಕೀಳುವ ಜಾಗದಲ್ಲೇ ಅವನು ತನ್ನ ಕಥೆ ಹೇಳುವುದು. ತನ್ನನ್ನು ಸಾಕಿದ ಎನ್ನಿಸ್ ಎಂಬ ದನಗಾರನ ಬಗ್ಗೆ. ಆ ಎನ್ನಿಸ್ ಒಂದು ಸಾರಾಯಿ ಅಂಗಡಿಯ ಗಲಾಟೆಯಲ್ಲಿ ಕೊಲೆಯಾದ. ಅಲ್ಲಿಯವರೆಗೆ ಕ್ವರ್ಟ್ ನೆಟ್ಟಗೇ ಇದ್ದವನು. ಆ ಕಾಲದ ಹೆಸರಾಂತ ಕಾನೂನು ಅಧಿಕಾರಿ ವ್ಯಾಟ್ ಅರ್ಪ್ ಕೈಕೆಳಗೆ ಡೆಪ್ಯುಟಿ ಆಗಿದ್ದ, ಸ್ವಂತ ದನದ ದೊಡ್ಡಿ ಇತ್ತು. ಆಮೇಲೆ ಎಲ್ಲ ಮಾರಿ, ಕೆಲಸ ಬಿಟ್ಟು ಅಡ್ಡದಾರಿ ಹಿಡಿದ. ಮಾರ್ಷಲ್ ಇದನ್ನು ಮುಂಚೆಯೇ ಕೆದಕಿ ಕೇಳಿದ್ದಾನೆ. ಅವನಿಗೆ ಬಾಯಿಬಿಟ್ಟಿರಲಿಲ್ಲ. ಕಾನೂನಿಗೆ ಕೊಡದ ಉತ್ತರವನ್ನು ಇವಳಿಗೆ ಕೇಳದೆಯೇ ಕೊಡುತ್ತಾನೆ.

ಅಂದ ಹಾಗೆ ನನಗೆ ಚಿತ್ರದ ಡಾಕ್ಟರ್ ಮ್ಯಾಂಗ್ರಮ್ ಇಷ್ಟ. ದೇವರನ್ನು ನಂಬದ ಮನುಷ್ಯ, ಆ ಮನೆಯವರ ಮೇಲೆ ಗೌರವವೂ ಇದೆ, ರೇಗುವುದೂ ಇದೆ. ಜ್ವರ ತಾನಾಗಿ ಇಳಿಯುವುದು ಮಾತ್ರ ನನಗೆ ಒಗ್ಗಲಿಲ್ಲ. ಕಥೆಗೆ ಬೇಕಾದಾಗ ಏರುವ, ಬೇಡವಾದಾಗ ಇಳಿಯುವ ಜ್ವರ ಅದು! ವೃತ್ತಿಯವರ ಕಣ್ಣಿಗೆ ಕಷ್ಟ.

ಸಂಜೆಷೋ

ರೀಲುಡಬ್ಬಿ ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಮಾರ್ಷಲ್ ಗುಂಡು ಹಾರಿಸಿದ್ದಕ್ಕೆ ತತ್ವಕ್ಕಿಂತ ವ್ಯವಹಾರದ ಕಾರಣ ಜಾಸ್ತಿ ಇರಬಹುದು. ಆಗ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಇತ್ತು, 1934ರಿಂದ ಕಟ್ಟುನಿಟ್ಟಾಗಿ. ನೋಡುಗರ ಕನಿಕರ ಅಪರಾಧದ ಕಡೆ ವಾಲಬಾರದು ಎಂಬುದು ಅದರ ಮುಖ್ಯ ಮಾತು. ಕೆಟ್ಟವರಿಗೆ ಶಿಕ್ಷೆ ಆಗಬೇಕು, ಕಾನೂನಿನವನ ಕೈಯಲ್ಲೇ ಆದರೆ ಇನ್ನೂ ಒಳ್ಳೆಯದು. ಮಾರ್ಷಲ್ ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತಾನೆ.

ಇದರ ಪಕ್ಕದಲ್ಲಿ 1952ರ 'ಹೈ ನೂನ್' ಇಟ್ಟು ನೋಡಿ. ಅಲ್ಲೂ ಕ್ವೇಕರ್ ಹೆಣ್ಣುಮಗಳು, ಗ್ರೇಸ್ ಕೆಲಿ. ಅಲ್ಲೂ ಹಿಂಸೆ ಬೇಡ ಎಂಬ ಹಟ. ಕೊನೆಗೆ ಗಂಡನನ್ನು ಉಳಿಸಲು ಅವಳೇ ಒಬ್ಬನ ಬೆನ್ನಿಗೆ ಗುಂಡು ಹೊಡೆಯುತ್ತಾಳೆ. ಅಲ್ಲಿ ಹೆಣ್ಣು ಗಂಡಿನ ದಾರಿಗೆ ಬಂದಳು, ಇಲ್ಲಿ ಗಂಡು ಹೆಣ್ಣಿನ ದಾರಿಗೆ ಬಂದ. ಐದು ವರ್ಷದ ಅಂತರದಲ್ಲಿ ಎರಡು ಚಿತ್ರ ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟಿವೆ. ಎಲ್ಲರೂ ಹೊಗಳುವುದು 'ಹೈ ನೂನ್' ಅನ್ನು. ನಾನೂ ಹೊಗಳುತ್ತೇನೆ. ಆದರೆ ಧೈರ್ಯದ ಉತ್ತರ ಯಾವುದು ಅಂತ ಕೇಳಿದರೆ ಈ ಹಳೇ ಚಿತ್ರದ್ದೇ ಅನ್ನುತ್ತೇನೆ.

ಗಿರ್ಮಿಟ್

ಕೋಡ್ ಅಷ್ಟು ಬಿಗಿ ಇದ್ದರೆ ಆ ದನದ ಲೆಕ್ಕ ಏನಾಯಿತು ಸಂಜೆಷೋ ಅವರೇ? ಲಾರೆಡೋ ಒಂದು ಹಿಂಡು ಕದಿಯುತ್ತಾನೆ. ಕ್ವರ್ಟ್ ಮತ್ತು ರ್‍ಯಾಂಡಿ ಅವನಿಂದ ಅದನ್ನು ಕದಿಯುತ್ತಾರೆ. ಬೈಬಲ್ ಕೈಗೆ ಬಂದ ಮೇಲೆ ಮಾಡಿದ ಕಳ್ಳತನ ಅದು! ಕ್ವರ್ಟ್‌ಗೆ ಅದಕ್ಕೆ ಶಿಕ್ಷೆಯೂ ಇಲ್ಲ, ದಂಡವೂ ಇಲ್ಲ. ಮಾರ್ಷಲ್ ಬಂದು ಕೇಳಿದರೆ 'ಆ ರಾತ್ರಿ ಲೈಲಾ ಜೊತೆ ಇದ್ದೆ, ಅವಳನ್ನೇ ಕೇಳಿ' ಅನ್ನುತ್ತಾನೆ. ಪೆನೆಲಪಿಯ ಎದುರಲ್ಲೇ.

ತುಂಗಾತೀರ

ಹೌದು, ಇದು ಚಿತ್ರದ ನಿಜವಾದ ತೂತು. ಪಶ್ಚಾತ್ತಾಪ ಇದೆ, ಮರಳಿ ಕೊಡುವುದು ಇಲ್ಲ. ಹಿಂಡು ಯಾರದ್ದೋ ಪಾಪದವನದ್ದು. ಅವನ ಮುಖವನ್ನೂ ನಮಗೆ ತೋರಿಸುವುದಿಲ್ಲ. ಕ್ವರ್ಟ್ ಮನಸ್ಸು ತಿಳಿಯಾಗಿದೆ ಎಂದು ನಾವು ಚಪ್ಪಾಳೆ ತಟ್ಟುತ್ತೇವೆ.

ಆದರೆ ಆ ಕಳ್ಳತನದ ನಂತರದ ದೃಶ್ಯ ಇಲ್ಲದೆ ಚಿತ್ರ ಇಲ್ಲ. ಗೆದ್ದ ಖುಷಿಗೆ ಕುಡಿಯಲು ಕೂತಿದ್ದಾರೆ. ಹಳೆಯ ಗೆಳತಿ ಲೈಲಾ ಇವನ ಬಳಿ ಬೈಬಲ್ ನೋಡಿ ತಮಾಷೆ ಮಾಡುತ್ತಾಳೆ. ಮೊದಲಾಗಿದ್ದರೆ ಅವನೂ ನಗುತ್ತಿದ್ದ. ಈಗ ಕೆರಳುತ್ತಾನೆ, ಇಡೀ ಅಂಗಡಿ ಪುಡಿಪುಡಿಯಾಗುವಂಥ ಹೊಡೆದಾಟ ನಡೆಯುತ್ತದೆ. ಅಲ್ಲಿಂದ ನೇರ ವರ್ತ್ ಮನೆಗೆ. ಹೊಲದಲ್ಲಿ ಇವನು ತನ್ನನ್ನು ಕಳ್ಳ ಅಂದುಕೊಂಡಿದ್ದ. ಕಳ್ಳರ ನಡುವೆ ಕೂತಾಗ ಇಲ್ಲಿಗೂ ಸಲ್ಲುವುದಿಲ್ಲ ಎಂದು ಗೊತ್ತಾಯಿತು. ಎರಡೂ ಕಡೆ ಹೊರಗಿನವನಾದ ಮೇಲೆ ಒಂದು ಕಡೆ ಆರಿಸಲೇಬೇಕು.

ಬೆಂಚುಗಾರ

ಹೊಸಬ ಇಲ್ಲಿಗೆ. ಚಿತ್ರ ಎಲ್ಲಿ ಸಿಗುತ್ತೆ? ಯೂಟ್ಯೂಬ್‌ನಲ್ಲಿ ಹುಡುಕಿದರೆ ಹತ್ತಾರು ಬರುತ್ತವೆ. ಒಂದರಲ್ಲಿ ಮುಖವೇ ಕಾಣಲ್ಲ, ಇನ್ನೊಂದರಲ್ಲಿ ಧ್ವನಿ ಬಾವಿಯೊಳಗಿಂದ ಬಂದ ಹಾಗಿದೆ.

ಸಂಜೆಷೋ

ಅದಕ್ಕೆ ಕಾರಣ ಇದೆ. ಆಗಿನ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಮೊದಲ ಕಂತಿಗೆ 28 ವರ್ಷ. ಆ 28ನೇ ವರ್ಷದಲ್ಲಿ ಅರ್ಜಿ ಹಾಕಿ ನವೀಕರಿಸಿಕೊಳ್ಳಬೇಕು. ಈ ಚಿತ್ರಕ್ಕೆ 1975ರಲ್ಲಿ ಯಾರೂ ನವೀಕರಿಸಲಿಲ್ಲ. ಹಾಗಾಗಿ ಅದು ಎಲ್ಲರ ಸ್ವತ್ತಾಯಿತು. ಸವೆದ ಪ್ರತಿಯಿಂದ ನಕಲು, ನಕಲಿನಿಂದ ಇನ್ನೊಂದು ನಕಲು ಮಾಡಿ ಸಿಕ್ಕವರೆಲ್ಲ ಮಾರಿದರು. ಒಳ್ಳೆಯ ಪ್ರತಿಗಳೂ ಇವೆ. ಮೊದಲ ಐದು ನಿಮಿಷ ನೋಡಿ, ಬಿಸಿಲಿನಲ್ಲಿ ಆಕಾಶಕ್ಕೂ ಬಂಡೆಗೂ ವ್ಯತ್ಯಾಸ ಕಂಡರೆ ಅದನ್ನೇ ಮುಂದುವರಿಸಿ. ಬಣ್ಣ ಹಚ್ಚಿದ ಪ್ರತಿಯ ಕಡೆ ಹೋಗಬೇಡಿ, ದಯವಿಟ್ಟು.

ಕೆಂಪುಬಂಡೆ

ಬಂಡೆ ಅಂದ ಕೂಡಲೇ ನಾನು ಬರಲೇಬೇಕಲ್ಲ. ಅರಿಜೋನಾದಲ್ಲಿದ್ದೇನೆ. ಚಿತ್ರೀಕರಣ ನಡೆದದ್ದು ಇಲ್ಲಿನ ಸೆಡೋನಾದಲ್ಲಿ. ಫೀನಿಕ್ಸ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಉತ್ತರಕ್ಕೆ. ಚಿತ್ರದಲ್ಲಿ ಬೂದು ಬಣ್ಣಕ್ಕೆ ಕಾಣುವ ಆ ಬಂಡೆಗಳು ನಿಜದಲ್ಲಿ ಕೆಂಪಗೆ ಉರಿಯುತ್ತವೆ. ಕಲ್ಲಿನಲ್ಲಿರುವ ಕಬ್ಬಿಣದ ತುಕ್ಕು ಅದು. ಸಂಜೆ ಹೊತ್ತು ನೋಡಬೇಕು.

ಈ ಚಿತ್ರಕ್ಕಾಗಿ ಇಲ್ಲಿ ಒಂದು ಪೇಟೆ ಬೀದಿಯ ಸೆಟ್ ಹಾಕಿದ್ದರು. ಚಿತ್ರ ಮುಗಿದ ಮೇಲೂ ಅದನ್ನು ಕೆಡವಲಿಲ್ಲ, ಮುಂದೆ ಎಷ್ಟೋ ಚಿತ್ರಗಳು ಅಲ್ಲೇ ತಯಾರಾದವು. ಈಗ ಆ ಜಾಗದಲ್ಲಿ ಮನೆಗಳಿವೆ. ಆದರೆ ಬೀದಿಗಳಿಗೆ ಆ ಹಳೆಯ ಚಿತ್ರಗಳ ಹೆಸರಿಟ್ಟಿದ್ದಾರೆ. 'ಜಾನಿ ಗಿಟಾರ್ ಸ್ಟ್ರೀಟ್' ಅಂತ ಫಲಕ ನೋಡಿ ನಾನು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡೆ. ಕ್ವರ್ಟ್ ಪಿಸ್ತೂಲು ಕೊಟ್ಟ ಬೀದಿಯ ಸುತ್ತಮುತ್ತ ಈಗ ಯಾರೋ ಹುಲ್ಲಿಗೆ ನೀರು ಬಿಡುತ್ತಿರುತ್ತಾರೆ.

ರೀಲುಡಬ್ಬಿ

ಕೆಂಪುಬಂಡೆ, ಫೋಟೋ ಹಾಕಿ ಗುರು.

ಮಾರ್ಷಲ್ ಪಾತ್ರಧಾರಿಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅವನು ಹ್ಯಾರಿ ಕ್ಯಾರಿ. ಮೂಕಿ ಚಿತ್ರಗಳ ಕಾಲದ ದೊಡ್ಡ ಕೌಬಾಯ್ ನಟ. ಜಾನ್ ಫೋರ್ಡ್ ನಿರ್ದೇಶಕನಾಗಿ ಕಣ್ಣು ಬಿಟ್ಟದ್ದೇ ಇವನ ಜೊತೆ, 1917ರ ಹೊತ್ತಿಗೆ. ವೇನ್‌ಗೆ ಇವನೆಂದರೆ ಗುರುವಿನ ಸಮಾನ. ಈ ಚಿತ್ರ ಬಂದ ವರ್ಷವೇ ಕ್ಯಾರಿ ತೀರಿಕೊಂಡ. 1956ರ 'ದಿ ಸರ್ಚರ್ಸ್' ಕೊನೆಯಲ್ಲಿ ವೇನ್ ಬಾಗಿಲ ಹೊರಗೆ ನಿಂತು ಎಡಗೈಯಿಂದ ಬಲಗೈ ಮೊಣಕೈ ಹಿಡಿದುಕೊಳ್ಳುತ್ತಾನಲ್ಲ, ಅದು ಕ್ಯಾರಿಯ ನಿಲುವು. ಎದುರಿಗೆ ಕ್ಯಾರಿಯ ಹೆಂಡತಿ ಆಲಿವ್ ಇದ್ದಳು, ಆ ಚಿತ್ರದಲ್ಲಿ ಅವಳಿಗೂ ಪಾತ್ರವಿತ್ತು. ಇದನ್ನು ತಿಳಿದ ಮೇಲೆ ಮಾರ್ಷಲ್ ಕ್ವರ್ಟ್‌ನನ್ನು ಗದರುವ ಪ್ರತಿ ದೃಶ್ಯವೂ ಬೇರೆಯೇ ಕಾಣುತ್ತದೆ.

ಲಾರೆಡೋ ಪಾತ್ರದ ಬ್ರೂಸ್ ಕ್ಯಾಬಟ್ ಕೂಡ ಪರಿಚಿತ ಮುಖವೇ. 1933ರ 'ಕಿಂಗ್ ಕಾಂಗ್'ನ ನಾಯಕ.

ಅಜ್ಜಿಮನೆ

ಗಂಡಸರ ಪಟ್ಟಿ ಮುಗಿಯಿತಾ? ಗೇಲ್ ರಸೆಲ್ ಬಗ್ಗೆ ನಾನೇ ಬರೆಯುತ್ತೇನೆ ಹಾಗಾದರೆ. ಹುಟ್ಟಿದ್ದು 1924ರಲ್ಲಿ. ನಟನೆ ಕಲಿತವಳಲ್ಲ. ಹೈಸ್ಕೂಲು ಮುಗಿಯುವ ಹೊತ್ತಿಗೆ ಪ್ಯಾರಮೌಂಟ್ ಕಂಪನಿ ಅವಳ ರೂಪ ನೋಡಿ ಒಪ್ಪಂದ ಮಾಡಿಕೊಂಡಿತು. ಕ್ಯಾಮೆರಾ ಎಂದರೆ ನಡುಗುವಷ್ಟು ಭಯ. ಆ ಭಯ ಮರೆಯಲು ಕುಡಿತ ಅಂಟಿತು. 1961ರಲ್ಲಿ, ಬರೀ 36ನೇ ವಯಸ್ಸಿಗೆ ಹೋಗಿಬಿಟ್ಟಳು.

ಈ ಚಿತ್ರದಲ್ಲಿ ಅವಳು ಜಾಸ್ತಿ ಏನೂ ಮಾಡುವುದಿಲ್ಲ. ನೇರ ನೋಡುತ್ತಾಳೆ, ಮೆಲ್ಲಗೆ ಮಾತಾಡುತ್ತಾಳೆ. ಬೇರೆ ನಟಿ ಆಗಿದ್ದರೆ ಪೆನೆಲಪಿ ಉಪದೇಶದ ಗೊಂಬೆ ಆಗಿಬಿಡುತ್ತಿದ್ದಳು. ಇವಳ ಕಣ್ಣಿನಲ್ಲಿ ಯಾವಾಗಲೂ ಒಂದು ಅಳುಕು ಇದೆ. ಅಳುಕುತ್ತಲೇ ಧೈರ್ಯದ ಮಾತು ಆಡುತ್ತಾಳೆ, ಅದಕ್ಕೇ ನಂಬಿಕೆ ಬರುತ್ತದೆ. ಕ್ವರ್ಟ್ ಬದಲಾದದ್ದು ಧರ್ಮದ ಮಾತಿಗೆ ಅಂತ ನನಗೆ ಅನ್ನಿಸುವುದಿಲ್ಲ. ಇಂಥವಳು ತನ್ನನ್ನು ನಂಬಿಬಿಟ್ಟಳಲ್ಲ ಎಂಬ ಸಂಕೋಚಕ್ಕೆ.

ನಿರ್ವಾಹಕ

ನಟ ನಟಿಯರ ಜೀವನ ಚರಿತ್ರೆಗೆ ಬೇರೆ ಎಳೆ ಇದೆ. ಇಲ್ಲಿ ಚಿತ್ರದ ಬಗ್ಗೆ ಮುಂದುವರಿಸಿ. ಬಂದೂಕು ಕಾನೂನು, ಇವತ್ತಿನ ಅಮೆರಿಕ ರಾಜಕೀಯ ಕುರಿತ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಡಾಕ್ಟರಮ್ಮ

ಕ್ವೇಕರರ ಬಗ್ಗೆ ಗೊತ್ತಿಲ್ಲದವರಿಗೆ: 17ನೇ ಶತಮಾನದ ಇಂಗ್ಲೆಂಡ್‌ನಲ್ಲಿ ಜಾರ್ಜ್ ಫಾಕ್ಸ್ ಎಂಬಾತನಿಂದ ಶುರುವಾದ ಪಂಥ. ಅವರ ಹಳೆಯ ಪದ್ಧತಿಯ ಸಭೆಯಲ್ಲಿ ಪಾದ್ರಿ ಇರುವುದಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಮಾತಾಡುತ್ತಾರೆ. ಯುದ್ಧಕ್ಕೆ ಹೋಗುವುದಿಲ್ಲ ಎಂಬುದು ಗಟ್ಟಿ ನಿಲುವು. ತಮಾಷೆ ನೋಡಿ, ಈ ಚಿತ್ರ ಬಂದ 1947ರಲ್ಲೇ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಗಳಿಗೆ ಸಿಕ್ಕಿತು. ಯುದ್ಧದಲ್ಲಿ ನುಚ್ಚುನೂರಾದ ಯುರೋಪಿನಲ್ಲಿ ಅವರು ಮಾಡಿದ ಸೇವೆಗೆ. ಎರಡು ವರ್ಷದ ಹಿಂದಷ್ಟೇ ಯುದ್ಧ ಮುಗಿದಿತ್ತು. ಥಿಯೇಟರಿನಲ್ಲಿ ಕೂತ ಎಷ್ಟೋ ಗಂಡಸರು ಬಂದೂಕು ಕೆಳಗಿಟ್ಟು ಮನೆಗೆ ಬಂದವರೇ. ಈ ಕಥೆ ಅವರಿಗೆ ಬರೀ ಕೌಬಾಯ್ ಕಥೆ ಆಗಿರಲಾರದು.

ತುಂಗಾತೀರ

ಒಳ್ಳೆಯ ಮಾತು. ಖಾಲಿ ಪಿಸ್ತೂಲಿನ ದೃಶ್ಯವನ್ನೂ ಮಾತಿಗೆ ತರಬೇಕು. ಲಾರೆಡೋ ಹುಡುಕಿಕೊಂಡು ಮನೆಗೇ ಬರುತ್ತಾನೆ. ಕ್ವರ್ಟ್ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಪಿಸ್ತೂಲು ತೆಗೆದು ನೋಡಿದರೆ ಗುಂಡುಗಳಿಲ್ಲ, ಮನೆಯವರು ತೆಗೆದಿಟ್ಟಿದ್ದಾರೆ. ಬೇರೆ ದಾರಿಯಿಲ್ಲದೆ ಆ ಖಾಲಿ ಪಿಸ್ತೂಲನ್ನೇ ಬಾಗಿಲಿಗೆ ಗುರಿ ಹಿಡಿದು, ಹಾಯಾಗಿ ಕೂತವನ ಹಾಗೆ ಮಾತಾಡಿಸುತ್ತಾನೆ. ಲಾರೆಡೋಗೆ ಬೆವರು. ಜಮೀನಿನ ಹಕ್ಕಿಗೆ 20,000 ಡಾಲರ್ ಬೆಲೆ ಒಪ್ಪಿ, 5,000 ಡಾಲರ್ ಚಿನ್ನ ಅಲ್ಲೇ ಕೊಟ್ಟು ಹೋಗುತ್ತಾನೆ. ಉಳಿದದ್ದಕ್ಕೆ, ಧೈರ್ಯ ಇದ್ದರೆ ಬಂದು ತಗೋ ಅಂತ ಸವಾಲು.

ಇದನ್ನೂ ಕೊನೆಯ ದೃಶ್ಯವನ್ನೂ ಜೋಡಿಸಿ. ಅಲ್ಲಿ ಖಾಲಿ ಪಿಸ್ತೂಲು ಕೆಲಸ ಮಾಡಿತು, ಏಕೆಂದರೆ ಎದುರಿನವನಿಗೆ ಅದು ಖಾಲಿ ಅಂತ ಗೊತ್ತಿಲ್ಲ. ಬೀದಿಯಲ್ಲಿ ಕೈ ಖಾಲಿ ಅಂತ ಎಲ್ಲರಿಗೂ ಕಾಣುತ್ತಿದೆ. ಹೆಸರಿನ ಭಯ ಸಹಾಯಕ್ಕೆ ಬರುವುದಿಲ್ಲ. ಕ್ವರ್ಟ್‌ಗೆ ಮಾರ್ಷಲ್ ಗುಂಡು ಹಾರಿಸುತ್ತಾನೆ ಅಂತ ಗೊತ್ತೇ? ಗೊತ್ತಿಲ್ಲ. ಅವನು ಪಿಸ್ತೂಲು ಕೊಟ್ಟದ್ದು ಸಾಯಲು ತಯಾರಾಗಿಯೇ. ಅಲ್ಲಿಗೆ ಅವನ ಲೆಕ್ಕ ಚುಕ್ತಾ. ಮುಂದಿನದು ಕಥೆ ಬರೆದವನ ಲೆಕ್ಕ.

ರೀಲುಡಬ್ಬಿ

ಈ ವಾದ ಗಟ್ಟಿ ಇದೆ. ಆದರೂ ಕಥೆ ಬರೆದವನನ್ನು ನಾನು ಸುಲಭಕ್ಕೆ ಬಿಡಲಾರೆ. ಕ್ವರ್ಟ್ ಸಾಯಲು ತಯಾರು, ಸರಿ. ಚಿತ್ರ ತಯಾರಿಲ್ಲ. ಶಾಂತಿಯೂ ಬೇಕು, ಲಾರೆಡೋ ಸತ್ತ ಸಮಾಧಾನವೂ ಬೇಕು ಎಂಬ ಪ್ರೇಕ್ಷಕನ ಎರಡೂ ಆಸೆ ಪೂರೈಸಿದೆ.

ಡಾಕ್ಟರಮ್ಮ

ಹಾಗಾದರೆ ಕೊನೆಯ ಮಾತು ಯಾಕೆ ಮಾರ್ಷಲ್ ಬಾಯಲ್ಲಿ ಬಂತು ಸರ್? ಗಾಡಿ ಹೊರಟಿದೆ. ಕ್ವರ್ಟ್‌ನ ಪಿಸ್ತೂಲು ಮಣ್ಣಿನಲ್ಲಿ ಬಿದ್ದಿದೆ. ಮಾರ್ಷಲ್ ಅದನ್ನು ಎತ್ತಿಕೊಳ್ಳುತ್ತಾನೆ. ತಂತಿ ಕಚೇರಿಯ ಬ್ರಾಡ್ಲಿ, ಅವನಿಗೆ ಬೇಕಾಗಬಹುದು ಅನ್ನುತ್ತಾನೆ. ಬಂದೂಕು ಹಿಡಿದು ತಿರುಗುವವನಿಗೇ ಬಂದೂಕು ಬೇಕಾಗುವುದು ಎಂದು ಮಾರ್ಷಲ್ ಉತ್ತರ. ಹೇಳುತ್ತಿರುವವನು ಈಗ ತಾನೇ ಇಬ್ಬರನ್ನು ಕೊಂದಿದ್ದಾನೆ. ಆ ಮಾತು ಕ್ವರ್ಟ್ ಬಗ್ಗೆ ಅಂತ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನನಗೆ ಅದು ಮಾರ್ಷಲ್ ತನ್ನ ಬಗ್ಗೆಯೇ ಹೇಳಿಕೊಂಡ ಹಾಗೆ ಕೇಳಿಸಿತು. ಅವನ ಹತ್ತಿರ ಈಗ ತನ್ನದೂ ಇದೆ, ಕ್ವರ್ಟ್‌ನದೂ ಇದೆ. ನೀವು ಮೊದಲ ದಿನ ಕೇಳಿದಿರಲ್ಲ, ಬೆಲೆ ಕೊಟ್ಟವರು ಯಾರು ಅಂತ.

ರೀಲುಡಬ್ಬಿ

ಮೇಡಂ, ಇದು ಗ್ರಾಂಟ್ ಬೇಕೆಂದೇ ಬರೆದದ್ದೋ, ಅಥವಾ ಹ್ಯಾರಿ ಕ್ಯಾರಿಯ ಮುಖಕ್ಕೆ ತಾನಾಗಿ ಬಂದದ್ದೋ? ಕ್ಯಾರಿಯದ್ದು ಅಂತ ನನ್ನ ಬಾಜಿ. ಆ ಸಾಲನ್ನು ಅವನು ಗೆದ್ದವನ ಹಾಗೆ ಹೇಳುವುದಿಲ್ಲ.

ಗಿರ್ಮಿಟ್

ಎಲ್ಲ ಸರಿ ರೀ. ಲಾರೆಡೋ ಸತ್ತ. ಬಾಕಿ 15,000 ಡಾಲರ್ ಈಗ ಯಾರ ಹತ್ತಿರ ವಸೂಲಿ?

ಅಜ್ಜಿಮನೆ

ಪೆನೆಲಪಿ ಹತ್ತಿರ ಕೇಳಿ ನೋಡಿ. ಬ್ಲ್ಯಾಕ್‌ಬೆರಿ ಕೀಳೋಣ ಬಾ ಅನ್ನುತ್ತಾಳೆ.